ಚಂದ್ರನಿಗೆ ಕಾಯುವ ಅಜ್ಜಿ, ನಂಬದ ಮೊಮ್ಮಗ

ಎರಡು ತಿಂಗಳ ಹಿಂದೆ ಸಂಕಷ್ಟಿಯ ರಾತ್ರಿ ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಜಗಳ ಅಜ್ಜಿಗೂ ಮೊಮ್ಮಗನಿಗೂ. ನ್ಯಾಯ ಹೇಳಲು ಹೋದವನು ನಾನು. ಮೂವರಲ್ಲಿ ಹೆಚ್ಚು ತಪ್ಪು ಮಾಡಿದವನೂ ನಾನೇ ಎಂದು ಆಮೇಲೆ ತಿಳಿಯಿತು. ಅದನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಕ್ಕಳೇ, ಸಂಕಷ್ಟಿ ಎಂದರೆ ಹುಣ್ಣಿಮೆ ಕಳೆದು ಬರುವ ಚೌತಿ. ಆ ದಿನ ಹಗಲೆಲ್ಲ ಉಪವಾಸವಿದ್ದು, ರಾತ್ರಿ ಚಂದ್ರ ಕಂಡ ಮೇಲೆ ಗಣಪತಿಗೆ ಪೂಜೆ ಮಾಡಿ, ಚಂದ್ರನಿಗೆ ಅರ್ಘ್ಯ ಬಿಟ್ಟು ಊಟ ಮಾಡುತ್ತಾರೆ. ನನ್ನ ಹೆಂಡತಿ ಮದುವೆಯಾಗಿ ಬಂದ ವರ್ಷದಿಂದ ಈ ವ್ರತ ಬಿಟ್ಟವಳಲ್ಲ. ಈಗ ಎಂಟು ವರ್ಷಗಳಿಂದ ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಆದರೂ ಉಪವಾಸ ನಡೆದೇ ಇದೆ. ‘ಇಷ್ಟು ವರ್ಷ ಏನೂ ಆಗಲಿಲ್ಲ, ಈಗೇನಾಗುತ್ತೆ?’ ಎನ್ನುವುದು ಅವಳ ವಾದ. ಅದನ್ನು ಮೀರಿ ನಾನೂ ಮಾತಾಡಿದವನಲ್ಲ.

ಆ ರಾತ್ರಿ ಮೋಡವಿತ್ತು. ಎಂಟೂವರೆಯಿಂದ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಕಾದಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಕೂತಿದ್ದರು. ಒಂಬತ್ತನೆಯ ತರಗತಿಯ ಮೊಮ್ಮಗ ಊಟ ಮುಗಿಸಿ ಮೇಲೆ ಬಂದವನೇ ಹೇಳಿದ:

‘ಅಜ್ಜಿ, ನೀನು ಯಾರಿಗೋಸ್ಕರ ಕಾಯ್ತಾ ಇದ್ದೀಯ ಗೊತ್ತಾ? ಬರೀ ಕಲ್ಲು, ಧೂಳು. ನಮ್ಮ ವಿಕ್ರಮ್ ಅಲ್ಲಿ ಇಳಿದು ಫೋಟೊ ಕಳಿಸಿ ಆಯ್ತು. ಕಲ್ಲು ಬರೋ ತನಕ ಊಟ ಮಾಡಲ್ಲ ಅನ್ನೋದು ಯಾವ ಬುದ್ಧಿವಂತಿಕೆ? ದೇವರೂ ಇಲ್ಲ, ಗೀವರೂ ಇಲ್ಲ.’

ಪಕ್ಕದ ಮನೆಯವರು ಮುಖ ಮುಖ ನೋಡಿಕೊಂಡರು. ಅಜ್ಜಿ ಏನೂ ಹೇಳಲಿಲ್ಲ. ಒಂಬತ್ತೂ ಕಾಲಿಗೆ ಮೋಡ ಸರಿದು ಚಂದ್ರ ಕಂಡ. ಅರ್ಘ್ಯ ಬಿಟ್ಟು ಏಳಲು ಹೋದವಳ ಕೈ ನಡುಗಿತು, ಹಣೆಯ ಮೇಲೆ ಬೆವರು. ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಸೊಸೆ ಓಡಿಹೋಗಿ ಸಕ್ಕರೆ ಕದಡಿದ ನೀರು ತಂದು ಕುಡಿಸಿದಳು. ಕಾಲು ಗಂಟೆಯಲ್ಲಿ ಸರಿಹೋಯಿತು. ಊಟವನ್ನೂ ಮಾಡಿದಳು. ಮೊಮ್ಮಗನ ಕಡೆ ಮಾತ್ರ ನೋಡಲಿಲ್ಲ.

ನನಗೆ ಕೋಪ ನೆತ್ತಿಗೇರಿತ್ತು. ಹುಡುಗನ ರಟ್ಟೆ ಹಿಡಿದು ದೇವರಮನೆಗೆ ಎಳೆದುಕೊಂಡು ಹೋದೆ. ‘ಕೈ ಮುಗಿ. ತಪ್ಪಾಯ್ತು ಅನ್ನು’ ಎಂದೆ. ಅವನು ಕೈ ಮುಗಿದ. ಕಣ್ಣಲ್ಲಿ ನೀರಿತ್ತು. ‘ಮುಗಿದಿದ್ದೀನಿ ತಾತ. ಆದರೆ ನಂಬಲ್ಲ’ ಎಂದು ಹೇಳಿ ತನ್ನ ಕೋಣೆಗೆ ಹೋಗಿಬಿಟ್ಟ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ದಿನವೂ ದೇವರ ಮುಂದೆ ದೀಪ ಹಚ್ಚುವವನು. ಆದರೆ ಅದೇ ದೇವರ ಮುಂದೆ ಒಬ್ಬ ಹುಡುಗನಿಂದ ಸುಳ್ಳು ಕೈ ಮುಗಿಸಿದ್ದೆ. ಇನ್ನೊಂದು ಮಾತೂ ಕೊರೆಯುತ್ತಿತ್ತು. ಅಜ್ಜಿ ಉಪವಾಸ ಕೂರುವುದು ಸರಿಯಲ್ಲ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಹೇಳಿದ ರೀತಿ ಕೆಟ್ಟದಾಗಿತ್ತು. ಆದರೆ ಸುಮ್ಮನಿದ್ದ ನಾನು ಅವನಿಗಿಂತ ಒಳ್ಳೆಯವನೇ?

ದೇವರನ್ನು ನಂಬದವನು ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಅದನ್ನು ಎಷ್ಟು ಬಾಯಿಬಿಟ್ಟು ಹೇಳಬೇಕು? ಎಲ್ಲಿ ನಂಬುವವರನ್ನು ಎದುರಿಸಬೇಕು, ಎಲ್ಲಿ ಸುಮ್ಮನಿರಬೇಕು? ಇದನ್ನು ಯೋಚಿಸುತ್ತ ಮಲಗಿದ್ದಾಗ ಹುಬ್ಬಳ್ಳಿಯ ನನ್ನ ಹಳೆಯ ಗೆಳೆಯ ನೆನಪಾದ.

ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಮೈಸೂರಿನವನಾದ ನನ್ನನ್ನು ಹುಬ್ಬಳ್ಳಿಗೆ ಹಾಕಿದ್ದರು. ನನ್ನ ಪಕ್ಕದ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದವನು ಧಾರವಾಡದ ಕಡೆಯವನು, ಅಪ್ಪಟ ನಾಸ್ತಿಕ. ಮದುವೆಯನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಕೊಂಡಿದ್ದ. ಆಯುಧಪೂಜೆಯನ್ನು ಅಲ್ಲಿ ಖಂಡೇನವಮಿ ಎನ್ನುತ್ತಾರೆ. ಒಂದು ವರ್ಷ ಆ ಹಬ್ಬದ ಮುನ್ನಾದಿನ ನಮ್ಮ ಶಾಖೆಯ ಜವಾನ ಒಂದೊಂದೇ ಲೆಡ್ಜರಿಗೆ ಶ್ರದ್ಧೆಯಿಂದ ಕುಂಕುಮ ಹಚ್ಚುತ್ತ ಬಂದ. ಗೆಳೆಯ ಎಲ್ಲರಿಗೂ ಕೇಳುವ ಹಾಗೆ, ‘ಲೆಡ್ಜರಿಗೆ ಕುಂಕುಮ ಹಚ್ಚಿದ್ರ ಬ್ಯಾಲೆನ್ಸ್ ತಾನ ಟ್ಯಾಲಿ ಆಗ್ತದೇನು?’ ಎಂದ. ನಾವೆಲ್ಲ ಗೊಳ್ಳೆಂದು ನಕ್ಕೆವು. ನಾನೂ ನಕ್ಕೆ. ಜವಾನ ತಲೆ ತಗ್ಗಿಸಿ, ಆಗತಾನೇ ಹಚ್ಚಿದ ಕುಂಕುಮವನ್ನು ಅಂಗಿಯ ತೋಳಿನಿಂದ ಒರೆಸಿದ. ಅವತ್ತಿನಿಂದ ಗೆಳೆಯನ ಟೇಬಲ್ಲಿಗೆ ಚಹಾ ಇಡುವಾಗ ಅವನು ಮಾತಾಡುತ್ತಿರಲಿಲ್ಲ.

ಮರುವರ್ಷ ಜವಾನನ ನಾಲ್ಕು ವರ್ಷದ ಮಗನಿಗೆ ಜ್ವರ ಬಂತು. ವಾರವಾದರೂ ಇಳಿಯಲಿಲ್ಲ. ಹುಡುಗ ಏನನ್ನೋ ನೋಡಿ ಅಂಜಿದ್ದಾನೆ ಎಂದು ಯಾರೋ ಹೇಳಿ ತಾಯಿತ ಕಟ್ಟಿಸಿದ್ದರು. ಗೆಳೆಯನಿಗೆ ಸುದ್ದಿ ತಿಳಿದು, ‘ತಾಯಿತದಿಂದ ಜ್ವರ ಇಳೀತದೇನು? ತೆಗೆದು ಒಗಿ ಅದನ್ನ’ ಎಂದು ಕೂಗಾಡಿದ. ಜವಾನ ಕೇಳಿಸಿಕೊಳ್ಳಲಿಲ್ಲ. ಹೇಗೆ ಕೇಳಿಸಿಕೊಂಡಾನು? ಕುಂಕುಮದ ದಿನ ನಕ್ಕ ಬಾಯಿಯೇ ಅಲ್ಲವೆ ಇದು?

ಮಾರನೆಯ ದಿನ ಗೆಳೆಯ ರಜೆ ಹಾಕಿದ. ಆಟೊ ಹಿಡಿದು ನೇರವಾಗಿ ಜವಾನನ ಮನೆಯ ಮುಂದೆ ಇಳಿದ. ಆ ದಿನ ಅವನು ಹೇಳಿದ ಮಾತನ್ನು ಜವಾನನೇ ನನಗೆ ಎಷ್ಟೋ ಸಲ ಹೇಳಿದ್ದಾನೆ: ‘ತಾಯಿತ ಬಿಚ್ಚಬ್ಯಾಡ. ಅದು ಅಲ್ಲೇ ಇರ್ಲಿ. ಹುಡುಗನ್ನ ದವಾಖಾನಿಗೆ ಕರಕೊಂಡು ಹೋಗೂಣು, ನಡೀಪಾ.’

ಟೈಫಾಯ್ಡ್ ಆಗಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು ಹುಡುಗ ಎದ್ದು ಕೂತ. ತಾಯಿತ ತೋಳಿನಲ್ಲೇ ಇತ್ತು. ಜವಾನ ಮಗನನ್ನು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿ ಹರಕೆ ತೀರಿಸಿ ಬಂದ. ಪ್ರಸಾದವನ್ನು ಮೊದಲು ತಂದು ಕೊಟ್ಟದ್ದು ಗೆಳೆಯನಿಗೆ. ಅವನು ತಿಂದು, ‘ಬೆಲ್ಲ ಚಲೋ ಐತಿ’ ಎಂದ.

‘ಔಷಧಿಯಿಂದ ವಾಸಿಯಾಯ್ತು ಅಂತ ಅವನಿಗೆ ಹೇಳಬಾರದಿತ್ತೆ?’ ಎಂದು ನಾನು ಕೇಳಿದೆ. ‘ಜಮಾ ಅವಂಗ ಬೇಕಾದ ಖಾತೆಗೆ ಹಾಕ್ಕೊಳ್ಳಿ ಬಿಡೋ. ಹುಡುಗ ಉಳಿದನಲ್ಲ’ ಎಂದು ಹೇಳಿ ನೋಟು ಎಣಿಸತೊಡಗಿದ.

ಹಾಗೆಂದು ಅವನು ತನ್ನ ಮತವನ್ನು ಬಚ್ಚಿಡಲಿಲ್ಲ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದರ ನೆರಳು ಅಂಕೋಲೆಯ ಕರಾವಳಿಯಲ್ಲಿ ನಾಡಿಗೆ ಕಾಲಿಟ್ಟು, ಹುಬ್ಬಳ್ಳಿ, ರಾಯಚೂರಿನ ಕಡೆಯಿಂದ ಹಾದುಹೋಯಿತು. ಶನಿವಾರ, ಬ್ಯಾಂಕಿಗೆ ಅರ್ಧ ದಿನ. ಮಧ್ಯಾಹ್ನದ ಹೊತ್ತಿಗೆ ರಸ್ತೆಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೆಳೆಯ ಒಂದು ಕನ್ನಡಿಗೆ ಸಣ್ಣ ತೂತಿನ ಕಾಗದ ಅಂಟಿಸಿ, ಸೂರ್ಯನ ಬಿಂಬ ಕಾಂಪೌಂಡಿನ ಗೋಡೆಯ ಮೇಲೆ ಬೀಳುವಂತೆ ಮಾಡಿದ್ದ. ‘ನೋಡೋರು ಬರ್ರಿ, ಬ್ಯಾಡಾದೋರು ಮನ್ಯಾಗ ಇರ್ರಿ’ ಎಂದಷ್ಟೇ ಹೇಳಿದ್ದ. ನಾವು ಐದಾರು ಜನ ಹೋದೆವು. ಜವಾನನೂ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ! ಗೋಡೆಯ ಮೇಲಿನ ಬಿಂಬ ಕುಡುಗೋಲಿನಂತೆ ಸಣ್ಣದಾಗುತ್ತ ಬಂತು. ಆಮೇಲೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕತ್ತಲಾಯಿತು. ಕಾಗೆಗಳು ಸಂಜೆಯಾಯಿತೆಂದು ಗೂಡಿನತ್ತ ಹಾರಿದವು. ಗೆಳೆಯ ಪೊಟ್ಟಣ ಬಿಚ್ಚಿ ಗಿರ್ಮಿಟ್ಟು ತಿಂದ. ನಮ್ಮತ್ತಲೂ ಚಾಚಿದ. ನಾವ್ಯಾರೂ ಮುಟ್ಟಲಿಲ್ಲ, ಅವನೂ ಬಲವಂತ ಮಾಡಲಿಲ್ಲ. ಸೋಮವಾರ ಜವಾನ ಬಂದು, ‘ನಾ ಜಳಕ ಮಾಡೇ ಉಂಡೇನ್ರಿ ಸರ’ ಎಂದ. ನಾನೂ ಹಾಗೇ ಮಾಡಿದ್ದೆ. ಗೆಳೆಯ ನಕ್ಕ, ನಾವೂ ನಕ್ಕೆವು. ಲೆಡ್ಜರಿನ ದಿನದ ನಗುವಿಗೂ ಈ ನಗುವಿಗೂ ಎಷ್ಟು ವ್ಯತ್ಯಾಸ!

(ಮಕ್ಕಳೇ, ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ. ಇದು ನಂಬಿಕೆಯ ಮಾತಲ್ಲ, ಕಣ್ಣಿಗೆ ನಿಜವಾಗಿಯೂ ಅಪಾಯ. ಗೋಡೆಯ ಮೇಲಿನ ಬಿಂಬ ನೋಡಿ.)

ನಾಸ್ತಿಕ ಎಂಬ ಮಾತು ಕೇಳಿದರೆ ನಮ್ಮ ವಯಸ್ಸಿನವರಲ್ಲಿ ಕೆಲವರು ಬೆಚ್ಚುತ್ತಾರೆ, ಏನೋ ಹೊರಗಿನಿಂದ ಬಂದದ್ದು ಎನ್ನುವಂತೆ. ಹಾಗೇನಿಲ್ಲ. ಪರಲೋಕವೂ ಇಲ್ಲ, ದೇವರೂ ಇಲ್ಲ ಎಂದ ಚಾರ್ವಾಕರು ನಮ್ಮಲ್ಲೇ ಇದ್ದರು. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ‘ಸರ್ವದರ್ಶನ ಸಂಗ್ರಹ’ ಎಂಬ ಸಂಸ್ಕೃತ ಗ್ರಂಥವಿದೆ. ಅವರೇ ಶೃಂಗೇರಿಯ ವಿದ್ಯಾರಣ್ಯರೆಂದು ಸಂಪ್ರದಾಯ ಹೇಳುತ್ತದೆ. ಆ ಗ್ರಂಥದ ಮೊದಲನೆಯ ಅಧ್ಯಾಯವೇ ಚಾರ್ವಾಕರದು! ಅವರ ವಾದವನ್ನು ಒಪ್ಪದ ಆಚಾರ್ಯರು ಮೊದಲು ಅದನ್ನು ವಿವರವಾಗಿ ಬರೆದಿಟ್ಟರು. ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಹೇಳುವುದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದನ್ನು ಹೇಳಿದ ಮೇಲೆಯೇ ತನ್ನ ಉತ್ತರ. ನಂಬುವವನಿಗೂ ನಂಬದವನಿಗೂ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಗೊತ್ತಿಲ್ಲ. ನಮ್ಮ ತಾರಸಿಯ ಮೇಲೆ ಆ ರಾತ್ರಿ ಪೂರ್ವಪಕ್ಷವೇ ಇರಲಿಲ್ಲ. ಅಜ್ಜಿ ಯಾಕೆ ಉಪವಾಸವಿರುತ್ತಾಳೆ ಎಂದು ಹುಡುಗ ಕೇಳಿರಲಿಲ್ಲ. ಹುಡುಗ ಯಾಕೆ ನಂಬುವುದಿಲ್ಲ ಎಂದು ನಾನು ಕೇಳಿರಲಿಲ್ಲ.

ಕೇಳಿ, ಒಪ್ಪದೆಯೂ ಜೊತೆಯಲ್ಲಿರಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಆಂಧ್ರದಲ್ಲಿ ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರ ರಾವ್ ಎಂಬವರಿದ್ದರು. ಹುಟ್ಟಿದ್ದು 1902ರಲ್ಲಿ. ಸಸ್ಯಶಾಸ್ತ್ರದ ಅಧ್ಯಾಪಕರು. ನಾಸ್ತಿಕರೆಂದು ಬಹಿರಂಗವಾಗಿ ಹೇಳಿಕೊಂಡದ್ದಕ್ಕೆ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು. ಆದರೂ ಅವರು ಮಾತು ಬದಲಿಸಲಿಲ್ಲ. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ತೆರೆದರು. ಮುಂದೆ ಅದು ವಿಜಯವಾಡಕ್ಕೆ ಬಂತು. ಬರಿಯ ವಾದ ಮಾಡುತ್ತ ಕೂರಲಿಲ್ಲ. ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸುತ್ತಿದ್ದರು. ಅಸ್ಪೃಶ್ಯತೆಯ ವಿರುದ್ಧ ಹಳ್ಳಿಹಳ್ಳಿ ತಿರುಗಿದರು.

ಈ ಗೋರಾ ಗಾಂಧೀಜಿಯ ಜೊತೆ ದೇವರ ವಿಷಯವನ್ನೇ ಚರ್ಚಿಸಲು ಸೇವಾಗ್ರಾಮಕ್ಕೆ ಹೋದರು. ಪ್ರಾರ್ಥನೆಯಿಲ್ಲದೆ ದಿನ ಕಳೆಯದ ಗಾಂಧೀಜಿ ಅವರನ್ನು ಹೊರಗೆ ಹಾಕಲಿಲ್ಲ, ಕೂರಿಸಿಕೊಂಡು ಮಾತಾಡಿದರು. ಗಾಂಧೀಜಿ ನಾಸ್ತಿಕರಾಗಲಿಲ್ಲ, ಗೋರಾ ಆಸ್ತಿಕರಾಗಲಿಲ್ಲ. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಸಮುದಾಯದ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆ ತಮ್ಮ ಆಶ್ರಮದಲ್ಲೇ ನಡೆಯಲಿ ಎಂದು ಗಾಂಧೀಜಿ ಒಪ್ಪಿದರು. ಮದುವೆಯ ಪ್ರತಿಜ್ಞೆಯಲ್ಲಿ ದೇವರ ಹೆಸರು ಬರುತ್ತಿತ್ತು. ನಾಸ್ತಿಕರ ಮನೆಯ ಮದುವೆಗಾಗಿ ಆ ಹೆಸರಿನ ಜಾಗದಲ್ಲಿ ಸತ್ಯ ಎಂಬ ಮಾತನ್ನು ಇಡಲೂ ಒಪ್ಪಿದರು. ಅಷ್ಟರಲ್ಲಿ 1948ರ ಜನವರಿ 30 ಬಂತು. ಗಾಂಧೀಜಿ ಉಳಿಯಲಿಲ್ಲ. ಆ ಮಾರ್ಚಿಯಲ್ಲಿ ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ಗೋರಾ ಈ ನೆನಪುಗಳನ್ನು 1951ರಲ್ಲಿ ಪುಸ್ತಕವಾಗಿ ತಂದರು. ಅಚ್ಚು ಮಾಡಿದ್ದು ಗಾಂಧೀಜಿಯೇ ಸ್ಥಾಪಿಸಿದ ನವಜೀವನ ಸಂಸ್ಥೆ.

ಇದನ್ನು ನೆನೆದಾಗ ನನಗೆ ನಾಚಿಕೆಯಾಯಿತು. ಗಾಂಧೀಜಿ ಒಬ್ಬ ನಾಸ್ತಿಕನಿಗಾಗಿ ಪ್ರತಿಜ್ಞೆಯ ಮಾತನ್ನೇ ಬದಲಿಸಲು ಸಿದ್ಧರಾದರು. ನಾನು ಹದಿನಾಲ್ಕು ವರ್ಷದ ಹುಡುಗನ ರಟ್ಟೆ ಹಿಡಿದು ಕೈ ಮುಗಿಸಿದೆ.

ಹಾಗಾದರೆ ನಾಸ್ತಿಕರು ಯಾವಾಗಲೂ ಮೆತ್ತಗೆ ಮಾತಾಡಬೇಕೆ? ಇಲ್ಲ. ಗಟ್ಟಿಯಾಗಿ, ಬಹಿರಂಗವಾಗಿ ಕೇಳಲೇಬೇಕಾದ ಸಂದರ್ಭಗಳಿವೆ. ನಮ್ಮ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ವಿಜ್ಞಾನ ಓದಿ ಬಂದು, ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಜೀವನ ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ, ತಮ್ಮ ಪವಾಡಗಳನ್ನು ಪರೀಕ್ಷಿಸಲು ಅವಕಾಶ ಕೊಡಬೇಕೆಂದು ಪತ್ರ ಬರೆದರು. ಅವಕಾಶ ಸಿಗಲಿಲ್ಲ. ಆಗ ನಾಡಿನಲ್ಲಿ ದೊಡ್ಡ ಗದ್ದಲವೇ ಆಯಿತು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ಸಮಿತಿಯ ಹೆಸರಿನಲ್ಲೇ, ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳು ಎಂಬ ಅರ್ಥದ ಮಾತಿತ್ತು. ಪರೀಕ್ಷೆಗೆ ಸಿಗುವುದನ್ನು ಪರೀಕ್ಷಿಸೋಣ ಎಂದರು, ಯಾರ ಮನೆಯ ದೇವರ ಗೂಡಿಗೂ ಕೈ ಹಾಕಲಿಲ್ಲ. ಕೇಳಿದ್ದು ಲಕ್ಷಾಂತರ ಭಕ್ತರಿರುವ ಪ್ರಬಲರೊಬ್ಬರನ್ನು, ಹರಕೆ ಹೊತ್ತ ಬಡ ಮುದುಕಿಯನ್ನಲ್ಲ.

ಸಾತಾರಾದ ಡಾ. ನರೇಂದ್ರ ದಾಭೋಲ್ಕರ್ ವೈದ್ಯರಾಗಿದ್ದವರು. ದೇವರ ಹೆಸರಿನಲ್ಲಿ ನಡೆಯುವ ಶೋಷಣೆಗೆ ತಮ್ಮ ವಿರೋಧ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. 2013ರ ಆಗಸ್ಟ್ 20ರ ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಮಾತಿಗೆ ಮಾತು ಸಾಲದಾದಾಗ ಬಂದೂಕು ಹಿಡಿಯುವವನು ಯಾವ ದೇವರ ಭಕ್ತನೂ ಅಲ್ಲ. ನಂಬುವವರಾದ ನಾವು ಇದನ್ನು ನಮ್ಮ ಮೊಮ್ಮಕ್ಕಳ ಎದುರಿಗೇ ಹೇಳಬೇಕು.

ನಮ್ಮ ರಾಜ್ಯದಲ್ಲೂ 2017ರಲ್ಲಿ ಅಮಾನವೀಯ ಆಚರಣೆಗಳ ವಿರುದ್ಧ ಕಾನೂನಾಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕಿಸುವುದು ಅದರ ಪ್ರಕಾರ ಅಪರಾಧ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳಿಗೆ ಅಡ್ಡಿಯಿಲ್ಲ. ಕಾನೂನು ಎಳೆದ ಗೆರೆಯನ್ನೇ ನನ್ನ ಕ್ಯಾಶ್ ಕೌಂಟರಿನ ಗೆಳೆಯ ನಲವತ್ತು ವರ್ಷ ಮೊದಲು ಎಳೆದಿದ್ದ. ತಾಯಿತ ತೋಳಿನಲ್ಲಿರಲಿ, ಹುಡುಗ ಆಸ್ಪತ್ರೆಯಲ್ಲಿರಲಿ!

ಶಾಲೆಯ ಮಕ್ಕಳು ಸಂವಿಧಾನದ ಪಾಠ ಓದಿರುತ್ತೀರಿ. 25ನೆಯ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಅದು ಅಜ್ಜಿಗೂ ಉಂಟು, ಮೊಮ್ಮಗನಿಗೂ ಉಂಟು. 1976ರ 42ನೆಯ ತಿದ್ದುಪಡಿಯಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ನಮ್ಮ ಹುಡುಗನ ಮಾತಿನಲ್ಲಿ ಮೊದಲನೆಯದಿತ್ತು, ಎರಡನೆಯದು ಬಿಟ್ಟುಹೋಗಿತ್ತು.

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ.

ಬೆಳಿಗ್ಗೆ ಎದ್ದು ಮೊದಲು ಮೊಮ್ಮಗನ ಕೋಣೆಗೆ ಹೋದೆ. ‘ನಿನ್ನ ಕೈಯಿಂದ ಸುಳ್ಳು ನಮಸ್ಕಾರ ಮಾಡಿಸಿದ್ದು ನನ್ನ ತಪ್ಪು’ ಎಂದೆ. ಅವನು ಏನು ಹೇಳಬೇಕೆಂದು ತಿಳಿಯದೆ ಚಾದರ ಮಡಿಸತೊಡಗಿದ. ‘ನಂಬದೇ ಇರೋದು ನಿನ್ನ ಇಷ್ಟ. ಆದರೆ ನಿನ್ನೆ ನಿನಗೆ ಸಿಟ್ಟು ಬಂದದ್ದು ದೇವರ ಮೇಲೋ, ಅಜ್ಜಿ ಹಸಿದುಕೊಂಡು ಕೂತದ್ದರ ಮೇಲೋ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಸಿದುಕೊಂಡು ಕೂತದ್ದರ ಮೇಲೆ’ ಎಂದ. ‘ಮತ್ತೆ ಅದನ್ನೇ ಹೇಳಬೇಕಿತ್ತಲ್ಲಪ್ಪ’ ಎಂದೆ.

ಅವನು ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕ ನಿಂತ. ಪಕ್ಕದ ಮನೆಯವರ ಎದುರು ಹಾಗೆ ಮಾತಾಡಿದ್ದಕ್ಕೆ ಕ್ಷಮೆ ಕೇಳಿದ. ದೇವರಿದ್ದಾನೆ ಎಂದೇನೂ ಹೇಳಲಿಲ್ಲ. ಆಮೇಲೆ, ‘ಅಜ್ಜಿ, ನೀನು ಯಾಕೆ ಸಂಕಷ್ಟಿ ಮಾಡ್ತೀಯ?’ ಎಂದು ಕೇಳಿದ. ನಲವತ್ತು ವರ್ಷ ಮೀರಿ ಜೊತೆಗಿದ್ದ ನಾನೂ ಕೇಳದ ಪ್ರಶ್ನೆ.

ಅವಳು ಹುರುಳಿಕಾಯಿ ಹೆಚ್ಚುತ್ತಲೇ ಹೇಳಿದಳು: ‘ನಮ್ಮಮ್ಮ ಮಾಡ್ತಿದ್ದಳು. ನಾವು ಏಳು ಜನ ಮಕ್ಕಳು. ಬೆಳಗ್ಗೆ ನಾಲ್ಕಕ್ಕೆ ಎದ್ದರೆ ರಾತ್ರಿ ಹತ್ತರ ತನಕ ಅವಳು ಕೂತಿದ್ದನ್ನೇ ನಾನು ನೋಡಿಲ್ಲ. ಸಂಕಷ್ಟಿ ದಿನ ಮಾತ್ರ ಚಂದ್ರನಿಗೆ ಕಾಯ್ತಾ ಜಗಲಿ ಮೇಲೆ ಕೂರ್ತಿದ್ದಳು. ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಕಥೆ ಹೇಳ್ತಿದ್ದಳು. ತಿಂಗಳಿಗೆ ಅದೊಂದು ಸಂಜೆ. ಗಣಪತಿ ಇದ್ದಾನೆ ಅಂತ ನಾನು ನಂಬ್ತೀನಿ, ಅದು ಬೇರೆ. ಆದರೆ ಚಂದ್ರನಿಗೆ ಕಾಯುವಾಗ ನಮ್ಮಮ್ಮ ಪಕ್ಕದಲ್ಲೇ ಕೂತಿರೋ ಹಾಗಿರುತ್ತೆ.’

ಹುಡುಗ ಏನೂ ಮಾತಾಡಲಿಲ್ಲ. ನನಗೂ ಮಾತು ಹೊರಡಲಿಲ್ಲ. ಚಂದ್ರ ಕಲ್ಲೇ ಇರಬಹುದು. ಅದರಿಂದ ಈ ಮಾತಿಗೆ ಯಾವ ಉತ್ತರವೂ ಆಗುವುದಿಲ್ಲ.

ಅದೇ ವಾರ ಮೂವರೂ ಡಾಕ್ಟರ ಹತ್ತಿರ ಹೋದೆವು. ನಡೆದದ್ದನ್ನು ಮೊಮ್ಮಗನೇ ಹೇಳಿದ, ಕಲ್ಲಿನ ವಿಷಯ ಬಿಟ್ಟು. ಡಾಕ್ಟರು ಹೇಳಿದರು: ‘ನೀವು ತೆಗೆದುಕೊಳ್ಳುವ ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯುತ್ತೆ. ಬೆವರು, ನಡುಕ, ತಲೆಸುತ್ತು ಅದರ ಗುರುತು. ಹಾಗೇ ಬಿಟ್ಟರೆ ಪ್ರಜ್ಞೆಯೂ ತಪ್ಪಬಹುದು. ದಿನವಿಡೀ ಖಾಲಿ ಹೊಟ್ಟೆ ನಿಮಗೆ ಬೇಡ.’ ನನ್ನ ವಯಸ್ಸಿನ ಓದುಗರೇ, ನಿಮಗೂ ಸಕ್ಕರೆ ಕಾಯಿಲೆಯಿದ್ದು ಉಪವಾಸದ ರೂಢಿಯಿದ್ದರೆ ದಯವಿಟ್ಟು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ನೀವಾಗಿಯೇ ಬಿಡುವುದೂ ಬೇಡ.

ಮನೆಗೆ ಬಂದ ಮೇಲೆ ಅವಳೇ ತೀರ್ಮಾನ ಮಾಡಿದಳು. ಅನ್ನ ಬೇಡ. ಬೆಳಿಗ್ಗೆ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಅವಲಕ್ಕಿ, ಮೊಸರು, ಹಣ್ಣು. ಸಂಜೆ ಇನ್ನೊಂದಿಷ್ಟು ಫಲಾಹಾರ. ಚಂದ್ರನಿಗೆ ಕಾಯುವುದು ಮಾತ್ರ ಹಾಗೆಯೇ. ‘ಗಣಪತಿ ನನ್ನ ಹೊಟ್ಟೆ ಲೆಕ್ಕ ಇಟ್ಟುಕೊಂಡು ಕೂತಿರಲ್ಲ’ ಎಂದಳು. ಈ ಮಾತನ್ನು ಮೊಮ್ಮಗ ಹೇಳಿದ್ದರೆ ಮತ್ತೊಂದು ಜಗಳವಾಗುತ್ತಿತ್ತು!

ಕಳೆದ ಸಂಕಷ್ಟಿಯ ದಿನ ಹುಡುಗ ಬೆಳಿಗ್ಗೆಯೇ ಫೋನಿನಲ್ಲಿ ಹುಡುಕಿ ಆ ರಾತ್ರಿಯ ಚಂದ್ರೋದಯದ ಸಮಯವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಅದಕ್ಕೇ ಚೌತಿಯ ಚಂದ್ರನಿಗೆ ರಾತ್ರಿಯವರೆಗೆ ಕಾಯಬೇಕು ಎಂದು ಅಜ್ಜಿಗೆ ವಿವರಿಸಿದ. ಅವಳಿಗೆ ಕಾರಣ ಗೊತ್ತಾಗಿ ಸಂತೋಷವೇ ಆಯಿತು. ರಾತ್ರಿ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕೂತ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದು ಚಂದ್ರನ ದಕ್ಷಿಣ ಧ್ರುವದ ಕಡೆ ಎಂದು ಬೆರಳು ತೋರಿಸಿ ಹೇಳಿದ. ಅವಳು ತನ್ನ ತಾಯಿ ಹೇಳುತ್ತಿದ್ದ ಕಥೆಯನ್ನು ಹೇಳಿದಳು: ಗಣಪತಿಯ ಹೊಟ್ಟೆ ನೋಡಿ ಚಂದ್ರ ನಕ್ಕದ್ದು, ಗಣಪತಿ ಶಾಪ ಕೊಟ್ಟದ್ದು. ‘ಹಾಗಾದ್ರೆ ನಗಬಾರದಿತ್ತು ಚಂದ್ರ’ ಎಂದ ಹುಡುಗ. ‘ನಿನಗೆ ಈಗ ಗೊತ್ತಾಯ್ತಲ್ಲ’ ಎಂದಳು ಅವಳು.

ಚಂದ್ರ ಮೇಲೆ ಬಂದ. ಅವಳು ಅರ್ಘ್ಯ ಬಿಟ್ಟು ಕೈ ಮುಗಿದಳು. ಹುಡುಗ ಒಮ್ಮೆ ನನ್ನತ್ತ ನೋಡಿ, ತಾನೂ ಕೈ ಎತ್ತಲು ಹೋದ. ಅವಳೇ ತಡೆದಳು.

‘ನನ್ನ ಮೆಚ್ಚಿಸೋಕೆ ಕೈ ಮುಗೀಬೇಡ ಪುಟ್ಟ. ಮನಸ್ಸಿಗೆ ಬಂದ ದಿನ ಮುಗಿ, ಬರದಿದ್ದರೆ ಬೇಡ. ಈಗ ಈ ತಟ್ಟೆ ಹಿಡ್ಕೋ, ಕೆಳಗೆ ಹೋಗೋಣ. ನನಗೆ ಹಸಿವಾಗಿದೆ.’

ಅವನು ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯನ್ನು ಅವಳಿಗೆ ಆಸರೆ ಕೊಟ್ಟು ಮೆಟ್ಟಿಲಿಳಿಸಿದ. ನಾನು ಕುರ್ಚಿಗಳನ್ನು ಎತ್ತಿಟ್ಟು ಹಿಂದಿನಿಂದ ಇಳಿದೆ.